ದೊಡ್ಡ ಕೈಯವನ ಪಿಸ್ತೂಲು

ನಾನು ಓದು ನಿಲ್ಲಿಸಿದ್ದು ೧೯೮೪ರಲ್ಲಿ. ಎಂಟನೇ ಕ್ಲಾಸಿನ ದೊಡ್ಡ ಪರೀಕ್ಷೆಗೆ ಇನ್ನು ಹದಿನೈದು ದಿನವಿತ್ತು. ಅಪ್ಪನಿಗೆ ಸೊಂಟ ಹಿಡಿದುಕೊಂಡು, ಬಳೆಯ ಮಲಾರ ಹೊತ್ತು ಬೀದಿ ಸುತ್ತುವವರು ಬೇಕಾಗಿತ್ತು. ಹೊತ್ತೆ. ಮಲಾರ ಮುಂದೆ ತಳ್ಳುಗಾಡಿಯಾಯಿತು, ತಳ್ಳುಗಾಡಿ ಬಸವೇಶ್ವರನಗರದಲ್ಲಿ ಎರಡು ಶಟರಿನ ಬಳೆ ಅಂಗಡಿಯಾಯಿತು, ಕುರುಬರಹಳ್ಳಿಯಲ್ಲಿ ಸ್ವಂತ ಮನೆಯೂ ಆಯಿತು. ಇದನ್ನೆಲ್ಲ ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ, ಸಹಿಸಿಕೊಳ್ಳಿ. ದುಡಿದು ತಿಂದವನಿಗೆ ಅಷ್ಟು ಜಂಬಕ್ಕೆ ರಿಯಾಯಿತಿ ಇರಬೇಕು. ಆದರೆ ಒಂದು ಗುಟ್ಟೂ ಇದೆ. ಅಂದಿನಿಂದ ಇಂದಿನವರೆಗೆ ನಾನು ಒಂದೇ ಒಂದು ಪರೀಕ್ಷೆಗೂ ಕೂತವನಲ್ಲ. ಸ್ಕೂಟರ್ ಕೂಡ ಕಲಿಯಲಿಲ್ಲ. ಲೈಸೆನ್ಸಿಗೆ ಹೋದರೆ ಎಂಟು ಹಾಕಿಸುತ್ತಾರೆ, ಕಾಲು ಊರಿದರೆ ಫೇಲು ಮಾಡುತ್ತಾರೆ ಎಂದು ಯಾರೋ ಹೇಳಿದ್ದರು. ಐವತ್ತೈದು ವರ್ಷದ ಗಂಡಸು ಇವತ್ತಿಗೂ ಬಸ್ಸಿನಲ್ಲೇ ಓಡಾಡುವುದನ್ನು ನೋಡಿ ಕೆಲವರು ನನ್ನನ್ನು ಪರಿಸರ ಪ್ರೇಮಿ ಎಂದುಕೊಂಡಿದ್ದಾರೆ. ನಾನು ಬೇಡ ಎನ್ನುವುದಿಲ್ಲ.

ಬಳೆ ವ್ಯಾಪಾರದವನಿಗೆ ಇನ್ನೊಂದು ಸಂಕಟವಿದೆ. ಟೀವಿಯಲ್ಲಿ ಯಾವ ನಾಯಕರಾದರೂ ಎದೆ ತಟ್ಟಿ "ನಾವೇನು ಕೈಗೆ ಬಳೆ ತೊಟ್ಟುಕೊಂಡು ಕೂತಿಲ್ಲ" ಎಂದು ಗುಡುಗಿದಾಗಲೆಲ್ಲ ನನ್ನ ಹೆಂಡತಿ ಸರೋಜ ತಟ್ಟೆಯಿಂದ ತಲೆಯೆತ್ತಿ ನನ್ನ ಮುಖ ನೋಡುತ್ತಾಳೆ. ನನ್ನ ಅನ್ನ ಹುಟ್ಟುವ ವಸ್ತುವನ್ನು ಈ ಜನ ಬೈಗುಳ ಮಾಡಿಕೊಂಡಿದ್ದಾರೆ. ವರ್ಷಕ್ಕೆ ನಾಲ್ಕೈದು ಸಲ ಯಾವುದೋ ಒಂದು ಪಕ್ಷದವರು ಜೀಪಿನಲ್ಲಿ ಬಂದು, ಯಾವುದೋ ಮಂತ್ರಿಗೋ ಅಧಿಕಾರಿಗೋ ಬಳೆ ಕೊಟ್ಟು ಪ್ರತಿಭಟನೆ ಮಾಡಬೇಕು, ಹತ್ತು ಡಜನ್ ಕೊಡಿ ಎನ್ನುತ್ತಾರೆ. "ಯಾವ ಸೈಜ್ ಕೊಡ್ಲಿ ಸಾರ್?" ಎಂದು ಅಭ್ಯಾಸಬಲದಿಂದ ಕೇಳುತ್ತೇನೆ. "ಯಾವ್ದೋ ಒಂದ್ ಕೊಡ್ರಿ, ಅವ್ರೇನು ಹಾಕ್ಕೊಳ್ತಾರಾ?" ಎನ್ನುತ್ತಾರೆ. ಇವತ್ತು ಬಳೆ ಕೊಟ್ಟವರು ಮುಂದಿನ ಚುನಾವಣೆಯಾದ ಮೇಲೆ ಬಳೆ ಈಸಿಕೊಳ್ಳುವ ಜಾಗದಲ್ಲಿ ಕೂತಿರುತ್ತಾರೆ. ನನಗೆ ಎರಡೂ ಕಡೆಯವರು ಗಿರಾಕಿಗಳೇ. ಅದೇ ಬಳೆ ತೊಟ್ಟ ಕೈಯಲ್ಲಿ ಬೆಳಗ್ಗೆ ಐದಕ್ಕೇ ಅಡುಗೆ ಮುಗಿಸಿ, ಲಗ್ಗೆರೆಯಿಂದ ಗಾರ್ಮೆಂಟ್ಸಿಗೆ ಓಡುವ ಹೆಣ್ಣುಮಕ್ಕಳನ್ನು ನಾನು ದಿನಾ ನೋಡುತ್ತೇನೆ. ಯಾವ ನಾಯಕರಿಗಿಂತಲೂ ಅವರು ಗಟ್ಟಿ. ಗೊತ್ತಿದೆ. ಆದರೂ ಗಂಡಸಿನ ಮನಸ್ಸು ನೋಡಿ, ಒಳಗೆಲ್ಲೋ ಒಂದು ಮುಳ್ಳು ಆಡುತ್ತಲೇ ಇತ್ತು.

ಹೀಗಿರುವಾಗ ಅಂಗಡಿಯ ಎದುರು ಕಟ್ಟಡದ ಮೂರನೇ ಮಹಡಿಗೆ 'ಶೂಟಿಂಗ್ ಅಕಾಡೆಮಿ' ಎಂಬ ಬೋರ್ಡು ಬಂತು. ನಮ್ಮ ಕಡೆ ಶೂಟಿಂಗ್ ಎಂದರೆ ಒಂದೇ, ಸಿನಿಮಾದ್ದು. ಎರಡು ತಿಂಗಳು ಕಾದೆ. ಹೀರೋಯಿನ್ ಇರಲಿ, ಜನರೇಟರ್ ವ್ಯಾನೂ ಬರಲಿಲ್ಲ. ಮದುವೆ ಸೀನಿಗೆ ಬಳೆ ಬೇಕಾಗದೆ ಇರುತ್ತದೆಯೇ, ನಾವೇ ಹೋಗಿ ಕೇಳುವುದು ಲೇಸು ಎಂದು ಒಂದು ದಿನ ರೇಷ್ಮೆದಾರದ ಬಳೆ, ಕಲ್ಲಿನ ಬಳೆ ಎರಡು ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದೆ. ಒಳಗೆ ನಾಲ್ಕು ಜನ ಸಾಲಾಗಿ, ಒಂದು ಕೈ ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಪಿಸ್ತೂಲು ಚಾಚಿ ನಿಂತಿದ್ದರು. ಡಬ್ಬಿ ಕೈಜಾರದಿದ್ದುದು ನನ್ನ ನಲವತ್ತು ವರ್ಷದ ಅನುಭವ. ಕೋಚ್ ಒಬ್ಬಳು ಇಪ್ಪತ್ತಾರರ ಹುಡುಗಿ, ಚೈತ್ರಾ ಅಂತ. ನಾನು ಬಂದ ಕಾರಣ ಕೇಳಿ ನಗು ತಡೆದುಕೊಂಡು, "ಅಂಕಲ್, ಇಲ್ಲಿ ಕ್ಯಾಮೆರಾ ಅಂತ ಇರೋದು ಸಿಸಿಟಿವಿ ಒಂದೇ. ಬಂದಿದೀರಲ್ಲ, ಒಂದು ಶಾಟ್ ಹೊಡ್ದು ಹೋಗಿ" ಎಂದಳು. ಹೊಡೆದೆ. ಹತ್ತು ಮೀಟರ್ ಆಚೆಯ ಕಾಗದದಲ್ಲಿ ಒಂಬತ್ತರ ವೃತ್ತಕ್ಕೆ ತೂತು ಬಿತ್ತು.

ಮೊದಲ ಗುಂಡಿಗೆ ಒಂಬತ್ತು ಬೀಳುವುದು ಒಬ್ಬ ಮನುಷ್ಯನಿಗೆ ಆಗಬಾರದ ಅನಾಹುತ. ಎರಡನೆಯದು ಗೋಡೆಗೆ ಹೋಯಿತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ಮಾರನೇ ದಿನದಿಂದಲೇ ಬೆಳಗಿನ ಬ್ಯಾಚಿಗೆ ಸೇರಿದೆ. "ಮೂರು ತಿಂಗ್ಳಾದ್ಮೇಲೆ ಟೆಸ್ಟ್ ಇರುತ್ತೆ ಅಂಕಲ್," ಎಂದಳು ಚೈತ್ರಾ. "ನಲವತ್ತು ಗುಂಡು, ನಾನೂರಕ್ಕೆ ಮುನ್ನೂರು ಬಂದ್ರೆ ಪಾಸ್. ಸರ್ಟಿಫಿಕೇಟ್ ಕೊಡ್ತೀವಿ." ಟೆಸ್ಟ್ ಎಂದಾಗ ಕಾಲು ತಣ್ಣಗಾಯಿತು. ಸರ್ಟಿಫಿಕೇಟ್ ಎಂದಾಗ ಕಿವಿ ಬಿಸಿಯಾಯಿತು. ನನ್ನ ಹೆಸರಿನ ಮುಂದೆ 'ತೇರ್ಗಡೆ' ಎಂಬ ಪದ ಈ ಜನ್ಮದಲ್ಲಿ ಅಚ್ಚಾಗುವುದಿಲ್ಲ ಎಂದು ನಾನು ಯಾವತ್ತೋ ಒಪ್ಪಿಕೊಂಡಿದ್ದೆ. ಒಪ್ಪಿಕೊಂಡಿರಲಿಲ್ಲ ಎಂದು ಆ ಕ್ಷಣ ಗೊತ್ತಾಯಿತು.

ಅಕಾಡೆಮಿಯ ಪಿಸ್ತೂಲು ಹತ್ತು ಕೈಗೆ ಹೋಗುವಂಥದ್ದು, ಸೀರಿಯಸ್ ಆಗಿ ಕಲಿಯುವುದಾದರೆ ಸ್ವಂತದ್ದು ತೆಗೆದುಕೊಳ್ಳಿ ಎಂದಳು. ಇದು ಗಾಳಿಯ ಒತ್ತಡದಲ್ಲಿ ಸೀಸದ ಸಣ್ಣ ಗುಂಡು ಹಾರಿಸುವ, ಆಟದ ಪಿಸ್ತೂಲು. ಲೈಸೆನ್ಸ್ ಬೇಡ, ಗುರುತಿನ ಚೀಟಿ ಸಾಕಂತೆ. ಲೈಸೆನ್ಸ್ ಬೇಡ ಎಂದ ಮೇಲೆ ನನಗೆ ಧೈರ್ಯ ಬಂತು. ಆದರೆ ಯಾವುದು ಕೊಳ್ಳಬೇಕು? ನಮ್ಮ ರಸ್ತೆಯಲ್ಲಿ ಯಾರೂ ಪಿಸ್ತೂಲು ಮುಟ್ಟಿದವರಿಲ್ಲ, ಸಲಹೆ ಕೊಡದವರೂ ಇಲ್ಲ. ಪಕ್ಕದ ಪಾತ್ರೆ ಅಂಗಡಿಯ ನಾಗರಾಜಣ್ಣ, "ಭಾರ ನೋಡಿ ತಗೊಳ್ಳಿ. ಭಾರ ಇಲ್ದಿದ್ರೆ ತಳ ಹಿಡಿಯುತ್ತೆ" ಎಂದರು. ಅವರಿಗೆ ಲೋಕವೆಲ್ಲ ಕುಕ್ಕರು. ಸರೋಜಳಿಗೆ ಹೇಳಿದಾಗ ಅವಳು ಬಳೆ ಜೋಡಿಸುತ್ತಲೇ, "ಬಳೆ ಅಂಗ್ಡಿಯವ್ನಿಗೆ ಕೋವಿ ಯಾಕ್ರೀ, ಸ್ಟಾಕ್ ಒಡೆಯೋಕಾ?" ಎಂದಳು. ಒಂದು ಕೆಜಿ ತೂಕದ್ದನ್ನು ಒಂದೇ ಕೈಯಲ್ಲಿ ಚಾಚಿ ಹಿಡಿಯುವ ಆಟ ಎಂದು ವಿವರಿಸಿದೆ. "ಎರಡು ಕೆಜಿ ಈರುಳ್ಳಿ ತನ್ನಿ ಅಂದ್ರೆ ಭುಜ ನೋವು ಅಂತೀರ. ಟೆಸ್ಟ್ ಆಗೋವರ್ಗೂ ನೋಡ್ತೀನಿ. ಫೇಲ್ ಆದ್ರೆ ಮಾರಿಬಿಟ್ಟು, ಬೆಳಗ್ಗೆ ಹೊತ್ತು ಶಟರ್ ಎತ್ಬೇಕು, ಅಷ್ಟೇ." ಫೇಲ್ ಎಂಬ ಮಾತು ನನಗೆ ಎಲ್ಲಿ ತಾಕುತ್ತದೆ ಎಂದು ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿರದೆ ಇರುತ್ತದೆಯೇ.

ಅಂತೂ ಪಿಸ್ತೂಲು ಮಾರುವ ಅಂಗಡಿಗೆ ಹೋದೆ. ಜೊತೆಗೆ ನನ್ನ ಬ್ಯಾಚಿನ ರಾಮಮೂರ್ತಿಯವರೂ ಬಂದರು. ನಿವೃತ್ತ ಬ್ಯಾಂಕ್ ಅಧಿಕಾರಿ, ಆರಡಿ ಎತ್ತರ, ಎರಡು ಡಿಗ್ರಿ. ಒಳ್ಳೆಯ ಮನುಷ್ಯ, ಅದೇ ಅವರಲ್ಲಿ ಸಹಿಸಲಾಗದ ಗುಣ. ಅವರು ಮೊದಲು ಕೊಂಡರು. ಅಂಗಡಿಯವನು ಅವರ ಅಂಗೈ ಅಳೆದು, ಪಿಸ್ತೂಲಿನ ಮರದ ಹಿಡಿ ಮೂರು ಅಳತೆಯಲ್ಲಿ ಬರುತ್ತದೆ, ನಿಮಗೆ ಮೀಡಿಯಂ ಸರಿ ಎಂದ. ಅವರು ಮೀಡಿಯಂ ಕೊಡಿ ಎಂದು ನಾಚಿಕೆಯಿಲ್ಲದೆ ಒಪ್ಪಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದ. "ಕೈ ಅಳತೆ ನೋಡ್ಲಾ ಸಾರ್?"

"ನೀನು ನನಗೆ ಕೈ ಅಳತೆ ಹೇಳ್ಕೊಡ್ತೀಯೇನಪ್ಪಾ?" ಎಂದೆ. "ನಲವತ್ತು ವರ್ಷದಿಂದ ಅದೇ ಕೆಲಸ. ಲಾರ್ಜ್ ಕೊಡು."

ಅದು ಸುಳ್ಳೂ ಅಲ್ಲ. ರಸ್ತೆಯಾಚೆ ಆಟೋ ಇಳಿಯುವ ಹೆಂಗಸಿನ ಕೈ ನೋಡಿ ಎರಡು ನಾಲ್ಕೋ, ಎರಡು ಆರೋ, ಎರಡು ಎಂಟೋ ಎಂದು ಇಲ್ಲಿಂದಲೇ ಹೇಳಬಲ್ಲೆ. ಬಳೆಯ ಸೈಜು ಹಾಗೆ ನಡೆಯುತ್ತದೆ, ನಂಬರು ಏರಿದಷ್ಟೂ ಕೈ ದೊಡ್ಡದು. ಆದರೆ ಗಂಡಸಿಗೆ, ಅದರಲ್ಲೂ ದುಡಿದ ಗಂಡಸಿಗೆ, ತನ್ನದು ದೊಡ್ಡ ಕೈ ಎಂಬ ಬಗ್ಗೆ ಅಳತೆಪಟ್ಟಿ ಬೇಕಾಗುವುದಿಲ್ಲ. ದೇವಸ್ಥಾನದ ಚಂದಾದಿಂದ ಹಿಡಿದು ಅಣ್ಣಮ್ಮನ ಉತ್ಸವದವರೆಗೆ ನಮ್ಮ ಏರಿಯಾದಲ್ಲಿ ನನ್ನನ್ನು ದೊಡ್ಡ ಕೈ ಎಂದೇ ಕರೆಯುವುದು. ಬ್ಯಾಂಕಿನಲ್ಲಿ ಪೆನ್ನು ಹಿಡಿದವರು ಮೀಡಿಯಂ ಆದರೆ ಮಲಾರ ಹೊತ್ತವನು ಏನಾಗಬೇಕು, ನೀವೇ ಹೇಳಿ.

ಆಮೇಲೆ ಶುರುವಾಯಿತು ಗ್ರಹಚಾರ. ಗುಂಡುಗಳೆಲ್ಲ ಎಡಕ್ಕೆ, ಕೆಳಕ್ಕೆ. ಟಾರ್ಗೆಟ್ ಕಾಗದವನ್ನು ಗಡಿಯಾರದಂತೆ ನೋಡುವುದು ಇವರ ರೂಢಿ. "ಅಂಕಲ್, ಎಲ್ಲಾ ಏಳೂವರೆ ಕಡೆ ಹೋಗ್ತಿದೆ" ಎಂದಳು ಚೈತ್ರಾ. ಏಳೂವರೆ ಎಂದೊಡನೆ ನನಗೆ ನೆನಪಾದದ್ದು ಶನಿ. ಸರೋಜಳಿಗೆ ಹೇಳಿದೆ, ಅವಳು ನಾಲ್ಕು ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿಸಿದಳು. ಗುಂಡು ಏಳೂವರೆಯಿಂದ ಏಳಕ್ಕೆ ಬಂತು. ಗುಂಡಿನ ಕಂಪನಿ ಬದಲಿಸಿದೆ, ಕನ್ನಡಕ ಬದಲಿಸಿದೆ, ಫ್ಯಾನ್ ಆರಿಸಿ ಎಂದು ಜಗಳವಾಡಿದೆ. ಮಾತಿನಲ್ಲಿ ನಾನು ಎತ್ತಿದ ಕೈ. ನಿಜವಾಗಿ ಎತ್ತಿ ಹಿಡಿಯಬೇಕಾದ ಕೈ ಮಾತ್ರ ಹತ್ತು ಎಣಿಸುವುದರೊಳಗೆ ನಡುಗುತ್ತಿತ್ತು. "ಗ್ರಿಪ್ ದೊಡ್ಡದಾಯ್ತು ಅಂಕಲ್. ಬೆರಳು ಟ್ರಿಗರ್‌ಗೆ ನೆಟ್ಟಗೆ ಸಿಗ್ತಿಲ್ಲ. ನಮ್ಮ ಹತ್ರ ಒಂದು ಸ್ಮಾಲ್ ಇದೆ, ಹಾಕ್ಕೊಡ್ಲಾ?" ಎಂದಳು. ಸ್ಮಾಲ್ ಎಂದರೆ ಮಧ್ಯಾಹ್ನದ ಬ್ಯಾಚಿನ ಕಾಲೇಜು ಹುಡುಗಿಯರು ಹಿಡಿಯುವಂಥದ್ದು. "ಅಭ್ಯಾಸ ಆಗುತ್ತಮ್ಮಾ, ಬಿಡು" ಎಂದೆ.

ಹಿಡಿ ದೊಡ್ಡದಾದರೆ ಕೈಯನ್ನು ದೊಡ್ಡದು ಮಾಡಿದರಾಯಿತಲ್ಲ. ಟೆಸ್ಟಿನ ಹಿಂದಿನ ದಿನ ಅಂಗಡಿಯಲ್ಲಿ ಕೂತು ಅಂಗೈಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ನೋಡುತ್ತಿದ್ದೆ. ಲಗ್ಗೆರೆಯ ಇಬ್ಬರು ಹುಡುಗಿಯರು ಬಳೆ ಆರಿಸುತ್ತಿದ್ದರು. ಸರೋಜ ನೋಡಿದಳು. "ಏನ್ರೀ, ಕೈಗೆ ಏನಾಯ್ತು?"

"ಏನಿಲ್ಲ. ಸ್ವಲ್ಪ ದಪ್ಪ ಮಾಡ್ತಿದೀನಿ."

ಅವಳು ಬಟ್ಟೆ ಬಿಚ್ಚಿದಳು, ನನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ ಒತ್ತಿದಳು, ಒಂದು ಹಸಿರು ಗಾಜಿನ ಬಳೆ ತೆಗೆದು ಸರಕ್ಕನೆ ಮಣಿಕಟ್ಟಿಗೆ ಏರಿಸಿದಳು. "ಎರಡು ಆರು," ಎಂದಳು. "ಸೋಪೂ ಬೇಕಾಗ್ಲಿಲ್ಲ."

"ಅಂಕಲ್ ಕೈಗೆ ಚೆನ್ನಾಗ್ ಒಪ್ಪುತ್ತೆ ಆಂಟಿ" ಎಂದಳು ಒಬ್ಬಳು ಹುಡುಗಿ. ವ್ಯಂಗ್ಯವಾಗಿ ಹೇಳಿದ್ದರೆ ಪರವಾಗಿರಲಿಲ್ಲ, ಮನಸಾರೆ ಹೇಳಿದಳು.

ಈ ಕಸುಬಿನಲ್ಲಿ ಗಿರಾಕಿಯ ಸೈಜನ್ನು ಜೋರಾಗಿ ಹೇಳುವುದು ಮಹಾಪಾಪ. ಎರಡು ಎಂಟರ ಕೈಯವರು ಬಂದು ಎರಡು ಆರು ಕೇಳುತ್ತಾರೆ, ಹೆಂಗಸರಿಗೆ ಕೈ ಪುಟ್ಟದಾಗಿರಬೇಕೆಂಬ ಆಸೆ. ವಾದ ಮಾಡಬಾರದು. ಡಬ್ಬಿ ಬದಲಿಸಿ ಎರಡು ಎಂಟು ತೊಡಿಸಿ, "ಹೊಸ ಸ್ಟಾಕ್ ಮೇಡಂ, ಎರಡು ಆರೇ, ಸ್ವಲ್ಪ ದೊಡ್ಡದು ಬರ್ತಿದೆ" ಎನ್ನಬೇಕು. ಅವರ ಮಾನವೂ ಉಳಿಯಿತು, ಬಳೆಯೂ ಉಳಿಯಿತು. ಸರೋಜಳಿಗೆ ಇದನ್ನು ಕಲಿಸಿದವನೇ ನಾನು. ಕಟ್ಟಿಕೊಂಡ ಗಂಡನಿಗೆ ಅಷ್ಟು ಮರ್ಯಾದೆ ತೋರಬಾರದಿತ್ತೇ. ಬಳೆ ತೆಗೆದೆ, ತೆಗೆಯುವುದಕ್ಕೂ ಕಷ್ಟವಾಗಲಿಲ್ಲ. ಅದೂ ಒಂದು ಅವಮಾನ.

ಇಷ್ಟಾದ ಮೇಲೆ ಬುದ್ಧಿವಂತನಾದರೆ ಏನು ಮಾಡುತ್ತಿದ್ದ ಎಂಬುದು ನನಗೂ ಗೊತ್ತು. ನಾನು ಮರುದಿನ ಲಾರ್ಜ್ ಹಿಡಿಯಲ್ಲೇ ಟೆಸ್ಟಿಗೆ ನಿಂತೆ. ಪಕ್ಕದಲ್ಲೇ ರಾಮಮೂರ್ತಿ. ಮೊದಲ ಹತ್ತು ಗುಂಡು ಮುಗಿದಾಗ ನೂರಕ್ಕೆ ಅರವತ್ತನಾಲ್ಕು. ಎಲ್ಲ ಏಳೂವರೆ. ಇನ್ನು ಮೂವತ್ತು ಗುಂಡು ಹೀಗೇ ಹೋದರೆ ತೇರ್ಗಡೆ ಎಂಬ ಪದ ನನ್ನ ಮಟ್ಟಿಗೆ ಮುಗಿದ ಕತೆ. ಕಾಗದ ನೋಡಿದೆ, ಅಂಗೈ ನೋಡಿದೆ. ಇದೇ ಕೈ ಎಷ್ಟೋ ಸಾವಿರ ಕೈಗಳಿಗೆ ಒಂದು ಗೀರೂ ಆಗದಂತೆ ಗಾಜು ತೊಡಿಸಿದೆ. ಚಿಕ್ಕದಾಗಿದ್ದಕ್ಕೇ ತೊಡಿಸಿತೋ ಏನೋ ಎಂದು ಅವತ್ತು ಮೊದಲ ಸಲ ಅನ್ನಿಸಿತು. ಚೈತ್ರಾಳ ಹತ್ತಿರ ಹೋಗಿ ಪಿಸುಗುಟ್ಟಿದೆ, "ಆ ಸ್ಮಾಲ್ ಕೊಡಮ್ಮಾ." ಅವಳ ಕಿವಿಯಲ್ಲಿ ಸದ್ದು ತಡೆಯುವ ಬಿರಡೆಗಳಿದ್ದವು. "ಏನಂಕಲ್?" ಮತ್ತೆ ಹೇಳಿದೆ. "ಕೇಳಿಸ್ತಿಲ್ಲ ಅಂಕಲ್, ಜೋರಾಗ್ ಹೇಳಿ." ಜೋರಾಗಿಯೇ ಹೇಳಿದೆ. "ಸ್ಮಾಲ್. ನಂದು ಸ್ಮಾಲ್ ಕೈ." ಸಾಲಿನಲ್ಲಿ ನಿಂತವರೆಲ್ಲ ಪಿಸ್ತೂಲು ಇಳಿಸಿ ತಿರುಗಿ ನೋಡಿದರು.

ಹಿಡಿ ಬದಲಾಯಿಸಲು ಎರಡು ನಿಮಿಷ ಸಾಕಾಯಿತು. ಎಂಥ ವಿಚಿತ್ರ, ಕೈಯೊಳಗೆ ಪಿಸ್ತೂಲು ಇದೆಯೆಂದೇ ಮರೆತುಹೋಗುವಂತೆ ಕೂತಿತು. ಮುಂದಿನ ಸುತ್ತುಗಳು ಎಪ್ಪತ್ತೇಳು, ಎಪ್ಪತ್ತೊಂಬತ್ತು, ಎಪ್ಪತ್ತಾರು. ಒಟ್ಟು ಇನ್ನೂರ ತೊಂಬತ್ತಾರು. ನಾಲ್ಕು ಕಮ್ಮಿ.

ಚೈತ್ರಾ ನನ್ನ ಮುಖ ನೋಡಿದಳು, ಕಾಗದ ನೋಡಿದಳು. "ಅಂಕಲ್, ಈ ತೂತು ಗೆರೆ ಮುಟ್ಟಿದಂಗೇ ಇದೆ, ಮುಟ್ಟಿದ್ರೆ ಒಂದು ಅಂಕ ಜಾಸ್ತಿ. ಇಂಥವು ಇನ್ನೊಂದ್ ಮೂರು ಹುಡ್ಕಿದ್ರೆ ಮುನ್ನೂರು ಮಾಡ್ಬೋದು" ಎಂದಳು ಮೆತ್ತಗೆ. ಆ ದನಿ ನನಗೆ ಚೆನ್ನಾಗಿ ಗೊತ್ತು, ಅದು 'ಹೊಸ ಸ್ಟಾಕ್ ಮೇಡಂ' ಎನ್ನುವ ದನಿ. ಆದರೆ ನಾನು ಹೇಳುವ ಸುಳ್ಳಿನಲ್ಲಿ ಬಳೆ ಕೈಗೆ ಸರಿಯಾಗಿ ಕೂರುತ್ತದೆ. ಈ ಮುನ್ನೂರು ನನ್ನ ಕೈಗೆ ಎಲ್ಲಿ ಕೂರಬೇಕು. "ಬೇಡಮ್ಮಾ, ಇದ್ದಿದ್ದು ಬರ್ಕೊ" ಎಂದೆ. ಎಷ್ಟು ದೊಡ್ಡ ಮಾತು ಎಂದು ಈಗ ಹೇಳುವಾಗ ನನಗೇ ಅನ್ನಿಸುತ್ತಿದೆ. ನಿಜ ಹೇಳಬೇಕೆಂದರೆ 'ಹೂಂ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಮುನ್ನೂರ ಹದಿನೆಂಟು ಹೊಡೆದು ಪಾಸಾದ ರಾಮಮೂರ್ತಿ ನನ್ನ ಬೆನ್ನ ಹಿಂದೆಯೇ ಕನ್ನಡಕ ಏರಿಸಿ ಆ ತೂತುಗಳನ್ನು ಎಣಿಸುತ್ತಿದ್ದರು. ಫೇಲಾದವರಿಗೆ ಮುಂದಿನ ತಿಂಗಳು ಇನ್ನೊಂದು ಅವಕಾಶವಿದೆ ಎಂದು ಅವರೇ ನೆನಪಿಸಿದರು. ಹೇಳಿದೆನಲ್ಲ, ಒಳ್ಳೆಯ ಮನುಷ್ಯ.

ರಸ್ತೆ ದಾಟಿ ಅಂಗಡಿಗೆ ಬಂದೆ. ಸರೋಜ ತಲೆಯೆತ್ತದೆ ಕೇಳಿದಳು, "ಎಷ್ಟ್ ಬಂತು?"

"ಇನ್ನೂರ ತೊಂಬತ್ತಾರು."

"ಮುನ್ನೂರಕ್ಕಾ?" ಅವಳ ಕೈಯಲ್ಲಿದ್ದ ಬಳೆ ಸರ ಅಲ್ಲೇ ನಿಂತಿತು. "ಪರವಾಗಿಲ್ವಲ್ರೀ."

ಪಾಸಿಗೆ ಮುನ್ನೂರು ಎಂದು ಹಿಂದೆ ನಾನೇ ಹೇಳಿದ್ದೆ, ಅದು ಅವಳ ತಲೆಯಲ್ಲಿ ಹೀಗೆ ಕೂತಿದೆ. ತಿದ್ದಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಪಕ್ಕದ ಅಂಗಡಿಗೆ ಕೇಳುವಂತೆ, "ನಾಗರಾಜಣ್ಣ, ಮುನ್ನೂರಕ್ಕೆ ಇನ್ನೂರ ತೊಂಬತ್ತಾರಂತೆ ನಮ್ಮನೆಯವ್ರಿಗೆ" ಎಂದುಬಿಟ್ಟಳು. ತೆರೆದ ಬಾಯನ್ನು ಆಕಳಿಕೆ ಮಾಡಿ ಮುಚ್ಚಿದೆ. ನಾಗರಾಜಣ್ಣ ಅರ್ಧ ಕೆಜಿ ಮೈಸೂರು ಪಾಕು ತಂದರು.

ಇದಾಗಿ ವಾರವಾಯಿತು. ಸದ್ಯಕ್ಕೆ ನನ್ನ ಹತ್ತಿರ ಇರುವುದು ಒಂದು ಪಿಸ್ತೂಲು, ಲಾರ್ಜ್ ಹಿಡಿ ಒಂದು, ಸ್ಮಾಲ್ ಹಿಡಿ ಒಂದು, ಇನ್ನೂರ ತೊಂಬತ್ತಾರು ಅಂಕ, ಮುಂದಿನ ಟೆಸ್ಟಿಗೆ ಮೂರು ವಾರ, ಮೈಸೂರು ಪಾಕು ಎರಡು ತುಂಡು.