ಮೊದಲೇ ಹೊರಟ ಚೀಲ

ಚೀಲ ತುಂಬುವುದೂ ಒಂದು ಶಾಸ್ತ್ರ, ಪುಣೆಯಲ್ಲಿ ಅದನ್ನು ಬಲ್ಲವನು ನಾನೊಬ್ಬನೇ ಎಂದು ಆ ಫೆಬ್ರವರಿಯವರೆಗೂ ನಂಬಿದ್ದೆ. ನಮ್ಮ ಕಂಪನಿ ಕಾರ್ಖಾನೆಗಳಿಗೆ ದೊಡ್ಡ ಫ್ಯಾನುಗಳನ್ನೂ ಹೋಟೆಲುಗಳಿಗೆ ಹೀಟರುಗಳನ್ನೂ ಮಾರುತ್ತದೆ. ಗುರುವಾರ ಚೆನ್ನೈನಲ್ಲಿ ಫ್ಯಾನು, ಮಾರನೆಯ ದಿನ ಶಿಮ್ಲಾದಲ್ಲಿ ಹೀಟರು. ಎರಡೂ ಆರ್ಡರ್ ತಂದರೆ ಮ್ಯಾನೇಜರ್ ಕುರ್ಚಿ ನನ್ನದು. ತಪ್ಪಿದರೆ ನಾನೇ ಕೆಲಸ ಕಲಿಸಿದ ಹುಡುಗನಿಗೆ ದಿನಾ "ಸರ್" ಅನ್ನಬೇಕು.

"ಒಂದೇ ಚೀಲ, ಒಂದೇ ತೆಳು ಕೋಟು, ಎರಡು ಹವಾಮಾನ," ಎಂದು ಹೆಂಡತಿ ವೈಜಯಂತಿಯ ಮುಂದೆ ಘೋಷಿಸಿದೆ.

"ಹೌದು, ಹಿಮಾಲಯ ನಿಮ್ಮನ್ನ ಕೇಳ್ಕೊಂಡೇ ಚಳಿ ಬಿಡತ್ತೆ," ಎಂದು ಅವಳು ಸ್ವೆಟರ್ ತುರುಕಿದಳು. ತೆಗೆದೆ. ಮಂಗನ ಟೋಪಿ ತುರುಕಿದಳು. ತೆಗೆದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಉಣ್ಣೆಯ ಕಾಲುಚೀಲದೊಳಗೆ ಅಂಟಿನುಂಡೆಗಳು ಕೂತಿದ್ದವು.

ಅಷ್ಟರಲ್ಲಿ ನನ್ನ ತಾಯಿ, ಆಯಿ, ಪಂಚಾಂಗ ಮಡಚಿದಳು. "ಗುರುವಾರ ದಕ್ಷಿಣಕ್ಕೆ ಹೊರಡಬಾರದು ಕಣೋ. ಇವತ್ತೇ ಎದುರುಮನೇಲಿ ಪ್ರಸ್ಥಾನ ಇಟ್ಟುಬಿಡು."

ಕೆಟ್ಟ ದಿನ ಹೊರಡಬೇಕಾದರೆ ಅದಕ್ಕೆ ಮುಂಚಿನ ಒಳ್ಳೆಯ ದಿನವೇ ಒಂದು ಅಡಿಕೆ, ಒಂದು ಬಟ್ಟೆ ನೆರೆಮನೆಯಲ್ಲಿಡುವುದು ನಮ್ಮ ರೂಢಿ. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಇಟ್ಟದ್ದು ಮತ್ತೆ ಹೊಸ್ತಿಲೊಳಗೆ ಬರಕೂಡದು. ಈ ಕೊನೆಯ ನಿಯಮ ಕೇಳಿದ್ದೇ ನನಗೆ ಜ್ಞಾನೋದಯವಾಯಿತು. ಅಡಿಕೆ ಯಾಕೆ, ಚೀಲವನ್ನೇ ಇಟ್ಟರೆ ವೈಜಯಂತಿಯ ಕೈ ಅದನ್ನು ಮುಟ್ಟಲಾರದು. ಬುಧವಾರದ ಶುಭಮುಹೂರ್ತದಲ್ಲಿ ನನ್ನ ಚೀಲ ಎದುರುಮನೆಯ ಖಾಡಿಲ್ಕರ್ ಕಾಕುವಿನ ಹಜಾರ ಸೇರಿತು.

ಗುರುವಾರ ಬೆಳಿಗ್ಗೆ ತರಲು ಹೋದರೆ ಕಾಕುವಿನ ಬಾಗಿಲಿಗೆ ಬೀಗ. ಫೋನು ಮಾಡಿದೆ.

"ಮಗಳಿಗೆ ಹೆರಿಗೆ ನೋವು ಶುರುವಾಯ್ತಪ್ಪಾ, ನಾಶಿಕಕ್ಕೆ ಬಂದ್ಬಿಟ್ವಿ. ಚೀಲದ ಚಿಂತೆ ಮಾಡ್ಬೇಡ, ಭದ್ರವಾಗಿ ಒಳಗಿದೆ."

"ಬೀಗದ ಕೈ, ಕಾಕು?"

"ಅದೂ ಭದ್ರವಾಗಿದೆ. ನನ್ನ ಸೊಂಟದಲ್ಲಿ."

"ಶುರುವಾದ ಪ್ರಯಾಣ ನಿಲ್ಲಿಸಬಾರದು," ಎಂದು ಆಯಿ ತೀರ್ಪು ಕೊಟ್ಟಳು. ತೆಳು ಕೋಟು, ಒಳ್ಳೆಯ ಶರ್ಟುಗಳೆಲ್ಲ ಚೀಲದಲ್ಲಿ, ಮಿಕ್ಕವು ಇಸ್ತ್ರಿಯವನ ಹತ್ತಿರ. ವೈಜಯಂತಿ ಬೀರು ತೆರೆದಳು. ಸಿಕ್ಕಿದ್ದು ನಮ್ಮ ಆರತಕ್ಷತೆಯ ಉಣ್ಣೆಯ ಸೂಟು ಮತ್ತು ಒಂದು ಬಿಳಿ ಶರ್ಟು. ಶರ್ಟಿನ ಮುಂಭಾಗ ಚೆನ್ನಾಗಿತ್ತು. ಬೆನ್ನಿನ ಭಾಗವನ್ನು ಅವಳು ದೀಪಾವಳಿಗೆ ಕಿಟಕಿ ಒರೆಸಲು ಕತ್ತರಿಸಿಕೊಂಡಿದ್ದಳು.

"ಕೋಟು ಬಿಚ್ಚದಿದ್ರೆ ಯಾರಿಗೆ ಗೊತ್ತಾಗತ್ತೆ?" ಎಂದಳು.

ಚೆನ್ನೈನಲ್ಲಿ ಇಳಿದವನನ್ನು ಕಾರ್ಖಾನೆಯವರ ಕಾರು ನೇರವಾಗಿ ಒಂದು ತಗಡಿನ ಶೆಡ್ಡಿಗೆ ಒಯ್ದಿತು. ಕಾರ್ಖಾನೆಯ ಯಜಮಾನ ನಲ್ಲಶಿವಂ ತೆಳು ಶರ್ಟಿನಲ್ಲೇ ಬೆವರುತ್ತಿದ್ದರು.

"ಕೋಟು ತೆಗೀರಿ ಸರ್."

"ಪರವಾಗಿಲ್ಲ. ನನಗೆ ಸ್ವಲ್ಪ ಚಳಿಯ ಮೈ."

ಅವರು ತಮ್ಮ ಎಂಜಿನಿಯರ್ ಮುಖ ನೋಡಿದರು. ನಾನು ನಮ್ಮ ಫ್ಯಾನಿನ ಕೆಳಗೇ ನಿಂತು ಅದರ ಗುಣಗಾನ ಶುರುಮಾಡಿದೆ. ಹಣೆಯಿಂದ ಇಳಿದದ್ದನ್ನೆಲ್ಲ ಟೈ ಕುಡಿಯಿತು. ಮೂರು ಸಲ ಅವರು ಕೋಟಿಗೆ ಕೈ ಚಾಚಿದರು, ಮೂರು ಸಲವೂ ನಾನು ಹೊಸ ಮದುವಣಗಿತ್ತಿಯಂತೆ ಹಿಂದೆ ಸರಿದೆ. ಕಣ್ಣು ಕತ್ತಲೆಗಟ್ಟಿತು. ಆ ಕತ್ತಲಲ್ಲಿ ಮ್ಯಾನೇಜರ್ ಕುರ್ಚಿಯ ಮೇಲೆ ನಾನು ಕಲಿಸಿದ ಹುಡುಗ ಕೂತಿದ್ದ. ನಿಜ ಹೇಳುತ್ತೇನೆ, ಅಳು ಬಂತು. ಬೆವರಿನ ಜೊತೆ ಅದೂ ಯಾರಿಗೂ ಕಾಣಲಿಲ್ಲ.

ನಲ್ಲಶಿವಂ ಪೆನ್ನು ತೆಗೆದರು. "ಈ ಶೆಡ್ಡಲ್ಲಿ ಉಣ್ಣೆ ಕೋಟು ಹಾಕ್ಕೊಂಡೂ ಒಬ್ಬ ಮನುಷ್ಯ ಬದುಕಿದಾನೆ ಅಂದ್ರೆ ನಿಮ್ಮ ಫ್ಯಾನು ಒಳ್ಳೇದೇ," ಎಂದು ಸಹಿ ಹಾಕಿದರು.

ಸಂಜೆ ವಿಮಾನ ಹತ್ತುವ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಕಂಪನಿಯ ದೊಡ್ಡ ಸಾಹೇಬರು ದೇವಸ್ಥಳಿಯವರ ಫೋನು ಬಂತು.

"ನಲ್ಲಶಿವಂ ಎಲ್ಲಾ ಹೇಳಿದ್ರು. ಎಂಥ ತಲೆ ರೀ ನಿಮ್ದು. ಕೋಟು ಹಾಕ್ಕೊಂಡು ಫ್ಯಾನು ಮಾರಿದ್ರಿ. ನಾಳೆ ಶಿಮ್ಲಾದಲ್ಲೂ ಅದೇ ಉಪಾಯ. ಹಿಮ ಬೀಳ್ತಿದೆಯಂತೆ. ಕೋಟು ಬಿಚ್ಚಿ ಬರೀ ಶರ್ಟಲ್ಲಿ ಹೀಟರ್ ಮುಂದೆ ನಿಲ್ಲಿ. ಹೀಗೆ ಮಾಡ್ತಾರೆ ನೋಡಿ ಅಂತ ಹೋಟೆಲಿನವರಿಗೂ ಹೇಳಿಬಿಟ್ಟಿದೀನಿ."

ಕೂಡಲೇ ಮನೆಗೆ ಫೋನು ಹಚ್ಚಿದೆ. "ವೈಜೂ, ಆ ಶರ್ಟಿಗೆ ಬೆನ್ನೇ ಇಲ್ಲವಲ್ಲೇ."



"ಅಹೋ, ಅದಕ್ಯಾಕೆ ಚಿಂತೆ? ಹೀಟರಿಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ."