ಬೈಯುತ್ತಿದ್ದ ಫಂಕ್ಷನ್

ಬೈಸಿಕೊಳ್ಳುವುದಕ್ಕೂ ಪುಣ್ಯ ಮಾಡಿರಬೇಕು. ಹೀಗೆಂದರೆ ನನ್ನ ಹೆಂಡತಿ, "ಹಂಗಾದ್ರ ನಿಮ್ಮಷ್ಟು ಪುಣ್ಯವಂತರು ತಾಲೂಕಿನ್ಯಾಗ ಯಾರೂ ಇಲ್ಲ ಬಿಡ್ರಿ" ಎನ್ನುತ್ತಾಳೆ. ನಾನು ಹೇಳುತ್ತಿರುವುದು ಅವಳ ಬೈಗುಳದ ಮಾತಲ್ಲ. ಅಣ್ಣಿಗೇರಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರ್ ನನ್ನನ್ನು ಹೆಸರು ಹಿಡಿದು ಬೈಯುತ್ತಿತ್ತು. ಮೊನ್ನೆ ಅದು ಬೈಯುವುದನ್ನು ಬಿಟ್ಟಿತು. ಈ ದುಃಖವನ್ನು ಯಾರ ಮುಂದೆ ತೋಡಿಕೊಂಡರೂ ನಗುತ್ತಾರೆ. ನೀವೂ ನಗುತ್ತೀರಿ, ಗೊತ್ತು. ಆದರೂ ಹೇಳುತ್ತೇನೆ.

ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ಗಣಿತ ಕಲಿಸಿದವನು ನಾನು. ಕೈಯಲ್ಲಿ ಚಾಕ್‌ಪೀಸ್ ಇದ್ದರೆ ಯಾರಿಗೂ ಜಗ್ಗುವವನಲ್ಲ. ಹೊಸ ಪಠ್ಯಕ್ರಮ ಬಂದು ಗಣಿತಕ್ಕೂ ಪ್ರಾಕ್ಟಿಕಲ್ ಅಂಟಿಕೊಂಡಿತು. ಲೆಕ್ಕವನ್ನು ನಾವು ಮಾಡುವಂತಿಲ್ಲ, ಸ್ಕ್ರಿಪ್ಟ್, ಫಂಕ್ಷನ್ ಎಂದು ಅದಕ್ಕೆ ತಿಳಿಯುವ ಭಾಷೆಯಲ್ಲಿ ಆಜ್ಞೆಗಳನ್ನು ಬರೆದು ಕಂಪ್ಯೂಟರಿನಿಂದ ಮಾಡಿಸಬೇಕು. ಮಾಡಿಸುವ ವಿದ್ಯೆ ನನಗೆ ಮನೆಯಲ್ಲೇ ಬಂದಿರಲಿಲ್ಲ, ಇಲ್ಲಿ ಎಲ್ಲಿಂದ ಬರಬೇಕು? ನನ್ನನ್ನು ಕಾಪಾಡಿದವನು ಭೌತಶಾಸ್ತ್ರದ ಬಸವರಾಜ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಹುಬ್ಬಳ್ಳಿಯಿಂದ ಒಂದೇ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡಿದವರು. ಮಂದಿಯ ಮುಂದೆ ಅವನು ಬಸವರಾಜ ಸರ, ನಾನು ಗುರುಲಿಂಗಪ್ಪ ಸರ. ಗಾಡಿಯಲ್ಲಿ ಬಸ್ಯಾ, ಗುರ್ಯಾ.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟ ಮುಗಿಸಿ ನಾನು ಏಳುವಾಗ, ನನ್ನ ಎಂಜಲು ತಾಟನ್ನೇ ತೋರಿಸಿ ಪಾಠ ಮಾಡಿದ. "ನೋಡಲೇ ಗುರ್ಯಾ, ಸ್ಕ್ರಿಪ್ಟ್ ಅಂದ್ರ ನಿನ್ನಂಗ. ಉಂಡ ತಾಟು ಅಲ್ಲೇ ಬಿಟ್ಟು ಎದ್ದು ಹೋಗತೈತಿ. ಅದರ ಅಂಕಿ-ಸಂಖ್ಯಾ ಎಲ್ಲಾ ಅಲ್ಲೇ ಬಿದ್ದಿರ್ತಾವು. ಫಂಕ್ಷನ್ ಅಂದ್ರ ನನ್ನಂಗ. ಬೇಕಾದ್ದು ತಗೋತೈತಿ, ಉತ್ತರ ಕೊಡತೈತಿ, ತನ್ನ ತಾಟು ತಾನ ತೊಳದಿಟ್ಟು ಹೋಗತೈತಿ." ನಾನು ಸಿಟ್ಟಿಗೆದ್ದೆ. ಆದರೆ ಅದೇ ವಾರ, ಸೋಮವಾರ ತುಂಬಿದ ಕಡಲೆ ಗಿಡದ ಎತ್ತರಗಳನ್ನು ನನ್ನ ಸ್ಕ್ರಿಪ್ಟ್ ಹಾಗೇ ಬಿಟ್ಟು, ಮಂಗಳವಾರ ತೂಕ ಕಟ್ಟಿ ಎಳೆದ ಸ್ಪ್ರಿಂಗಿನ ಲೆಕ್ಕದಲ್ಲಿ ಸೇರಿಸಿಬಿಟ್ಟಿತು. ದಿನಕ್ಕಿಷ್ಟು ಬೆಳೆಯುವ ಸ್ಪ್ರಿಂಗನ್ನು ನಮ್ಮ ವಿದ್ಯಾರ್ಥಿಗಳು ನೋಡಿದ್ದು ಹೀಗೆ.

ಕೊನೆಗೆ ಬಸ್ಯಾನೇ ನನಗಾಗಿ ಒಂದು ಫಂಕ್ಷನ್ ಬರೆದುಕೊಟ್ಟ. ಎರಡು ಪಟ್ಟಿ ಅಂಕಿ ಕೊಟ್ಟರೆ ಗ್ರಾಫಿನ ಮೇಲೆ ಅವುಗಳಿಗೆ ಹೊಂದುವ ನೇರಗೆರೆ ಎಳೆಯುವುದು ಅದರ ಕೆಲಸ. ನಾನು ಮೊದಲ ಪಟ್ಟಿ ಕೊಟ್ಟು ಎಂಟರ್ ಒತ್ತಿಬಿಡುತ್ತಿದ್ದೆ, ಎರಡನೆಯದು ನೆನಪೇ ಆಗುತ್ತಿರಲಿಲ್ಲ. ಮೂರನೇ ಸಲ ಹಾಗೆ ಮಾಡಿದಾಗ ಪರದೆಯ ಮೇಲೆ ಕೆಂಪಕ್ಷರ ಮೂಡಿತು: "ಲೇ ಗುರ್ಯಾ, ಎರಡನೇದು ಯಾರು ಕೊಡ್ತಾರ, ನಿಮ್ಮ ಮಾವ ಏನು? ಹೋಗಿ ಚಾ ಕುಡದು ಬಾ." ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇದನ್ನು ಒಳಗೆ ಬರೆದಿಟ್ಟಿದ್ದ ಬಸ್ಯಾನ ಹತ್ತಿರ ಹೋಗಿ ಜಗಳ ತೆಗೆದರೆ, "ಅದು ಇಂಗ್ಲಿಷಿನ್ಯಾಗ ಬೈದ್ರ ನಿನಗ ನಾಟೂದಿಲ್ಲಲೇ" ಎಂದ.

ಹೋದ ಮಾಘದಲ್ಲಿ ಒಂದು ಬೆಳಿಗ್ಗೆ, ಒಂದು ಬೂಟು ಹಾಕಿಕೊಂಡ ಬಸ್ಯಾ ಇನ್ನೊಂದಕ್ಕೆ ಬಗ್ಗಲಿಲ್ಲ. ಹೃದಯ ನಿಂತಿತ್ತಂತೆ. ನನಗದು ಗೊತ್ತಿರಲಿಲ್ಲ, ಗಾಡಿ ತಪ್ಪಿಸಿಕೊಂಡನೆಂದು ಅಣ್ಣಿಗೇರಿ ಬರುವತನಕ ಅವನನ್ನು ಬೈಯುತ್ತಲೇ ಬಂದೆ. ವಾರದ ಮೇಲೆ ಅವನ ಕಪಾಟು ತೆರೆದೆವು. ಲೈಬ್ರರಿಯ ಪುಸ್ತಕ ಒಂದೂ ಉಳಿದಿರಲಿಲ್ಲ, ಪ್ರತಿ ಕೀಲಿಕೈಗೂ ಚೀಟಿ ಕಟ್ಟಿತ್ತು, ಊಟದ ತಾಟು ತೊಳೆದು ಬೋರಲು ಹಾಕಿತ್ತು. ಅಲ್ಲೇ ಕುರ್ಚಿಯ ಮೇಲೆ ಕುಳಿತು ಅತ್ತೆ.

ಆಮೇಲೆ ಎರಡು ಪಟ್ಟಿ ಕೊಡುವುದು ನನಗೆ ಚೆನ್ನಾಗಿಯೇ ಬಂತು. ಆದರೂ ವಾರಕ್ಕೊಮ್ಮೆ ಬೇಕೆಂದೇ ಒಂದನ್ನಷ್ಟೇ ಕೊಡುತ್ತಿದ್ದೆ. "ಸರಗ ಇನ್ನೂ ಬರವಲ್ದು" ಎಂದು ಹುಡುಗಿಯರು ಮರುಗುತ್ತಿದ್ದರು. ಮರುಗಲಿ ಎಂದು ಬಿಟ್ಟೆ.

ಬಸ್ಯಾನ ಜಾಗಕ್ಕೆ ವಿಜಯಲಕ್ಷ್ಮಿ ಮೇಡಂ ಬಂದರು. ಹೊರಗಿನ ಪರೀಕ್ಷಕರು ಬರುವ ಮುನ್ನ ಲ್ಯಾಬನ್ನು ಚೊಕ್ಕಟ ಮಾಡಿದರು. "ಸರ, ಆ ಗೆರಿ ಎಳಿಯೂ ಫಂಕ್ಷನ್ನಿನ್ಯಾಗ ಏನೇನೋ ಬೈಗಳ ಇತ್ರಿ. ತಗದು ಹಾಕೇನ್ರಿ. ಈಗ ನೀವು ಒಂದ ಪಟ್ಟಿ ಕೊಟ್ರೂ ನಡೀತೈತ್ರಿ, ಎರಡನೇದು ಒಂದು, ಎರಡು, ಮೂರು ಅಂತ ತಾನ ತುಂಬ್ಕೋತೈತಿ." ನನ್ನ ಮೇಲಿನ ಕಾಳಜಿಯಿಂದಲೇ ಮಾಡಿದ್ದರು. "ಹಳೇದು ಐತೇನ್ರಿ?" ಎಂದೆ. "ಯಾಕ್ರಿ ಸರ? ಅದರ ಮ್ಯಾಲೇ ಸೇವ್ ಮಾಡೇನ್ರಿ, ಹಳೇದು ಅಳಿಸಿ ಹೋತ್ರಿ." ಉಂಡಲ್ಲೆಲ್ಲ ತಾಟು ಬಿಟ್ಟು ಎದ್ದ ನಾನು ಅದರದೊಂದು ಪ್ರತಿಯನ್ನು ಮಾತ್ರ ಎಲ್ಲೂ ಬಿಟ್ಟಿರಲಿಲ್ಲ.

ಹಟ ಹಿಡಿದು ಹಳೆಯದನ್ನು ನಾನೇ ಮತ್ತೆ ಬರೆಯಲು ಕುಳಿತೆ. ಮೂರು ದಿನ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಬೈಯಿತು. ಬಸ್ಯಾ ಹೇಳಿದ್ದು ಸುಳ್ಳು, ಚೆನ್ನಾಗಿಯೇ ನಾಟಿತು. ನಾಲ್ಕನೆಯ ದಿನ ಫಂಕ್ಷನ್ ತಪ್ಪಿಲ್ಲದೆ ಓಡಿತು. ಒಂದೇ ಪಟ್ಟಿ ಕೊಟ್ಟು ಎಂಟರ್ ಒತ್ತಿದೆ. ಅದೇ ಕೆಂಪಕ್ಷರ, ಅದೇ ಮಾವ, ಅದೇ ಚಾ. ಒಂದಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ, ಆದರೆ ಬೈದವನು ನಾನೇ. "ಆತೇನ್ರಿ ಸರ?" ಎಂದರು ಮೇಡಂ. "ಆತ್ರಿ" ಎಂದೆ. ಅದು ನಾನೊಬ್ಬನೇ ಬರೆದ ಮೊದಲ ಫಂಕ್ಷನ್. ತೋರಿಸಬೇಕಾದವನಿಗೆ ತೋರಿಸಲಾಗಲಿಲ್ಲ.

ಅದು ಹೇಳಿದಂತೆ ಎದ್ದು ಕ್ಯಾಂಟೀನಿಗೆ ಹೋದೆ. ಎರಡನೆಯದನ್ನು ಸದಾ ಮರೆಯುವ ನಾನು, ಅಂದು ಎರಡು ಚಾ ಹೇಳಿಬಿಟ್ಟಿದ್ದೆ. ಎರಡನ್ನೂ ನಾನೇ ಕುಡಿದು, ಕಪ್ಪುಗಳನ್ನು ಒಯ್ದು ತೊಳೆದಿಟ್ಟು ಬಂದೆ.