ಒಂದು ಗುಂಡಿಯ ಮೆಷಿನ್ನೂ ಏಳು ವಾರದ ವ್ರತವೂ

"ಒಂದಕ್ಕಿಂತ ಹೆಚ್ಚು ಗುಂಡಿ ಇರೋ ವಾಷಿಂಗ್ ಮೆಷಿನ್ನು ನಾನು ಬದುಕಿರೋವರೆಗೂ ಈ ಮನೆ ಹೊಸ್ತಿಲು ದಾಟಕೂಡದು!"

ಹೀಗೆಂದು ಪೊಂಪಿಲಿಯು ಬಚ್ಚಲಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ. ಮೆದಿಯಾಶ್ ಊರಿನ ಗಾಜಿನ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರಾಗಿ ದುಡಿದು ನಿವೃತ್ತನಾದ ಮಹಾನುಭಾವ. ಯಂತ್ರಗಳ ವಿಷಯದಲ್ಲಿ ಅವನ ಮಾತು ಆ ಮನೆಯಲ್ಲಿ ಕೋರ್ಟಿನ ತೀರ್ಪು. ಹೆಂಡತಿ ಕೊರ್ನೇಲಿಯಾ ಮಾತ್ರ ಆಗಾಗ ಮೇಲ್ಮನವಿ ಹಾಕುತ್ತಿದ್ದಳು.

"ರೀ, ಅದು ಓಡೋವಾಗ ಕೆಳಗಿನ ಮನೆಯವರ ದೀಪ ಅಲ್ಲಾಡುತ್ತಂತೆ!"

"ಅಲ್ಲಾಡಲಿ! ಬಲಕ್ಕೆ ತಿರುಗಿಸಿದ್ರೆ ಒಗೆಯುತ್ತೆ, ಎಡಕ್ಕೆ ತಿರುಗಿಸಿದ್ರೆ ನಿಲ್ಲುತ್ತೆ. ಇನ್ನೇನು, ನಿನ್ನ ಜೊತೆ ಕೂತು ಹರಟೆ ಹೊಡೀಬೇಕಾ?"

ಆ ಮೆಷಿನ್ನಿನ ಮೇಲೆ ಅವನಿಗಿದ್ದ ಪ್ರೀತಿಗೆ ಇನ್ನೊಂದು ಗುಟ್ಟಿನ ಕಾರಣವೂ ಇತ್ತು. ಅದರ ಬೆನ್ನಿಗೆ ಒಂದು ತಗಡು, ತಗಡಿಗೆ ನಾಲ್ಕು ಸ್ಕ್ರೂ. ತಗಡಿನ ಹಿಂದೆ, ಬಟ್ಟೆಯಲ್ಲಿ ಸುತ್ತಿಟ್ಟ ಅಂಗೈಯಗಲದ ಸ್ಲನಿನ! ಉಪ್ಪು, ಬೆಳ್ಳುಳ್ಳಿ, ಕೆಂಪು ಮೆಣಸಿನಪುಡಿ ಮೆತ್ತಿ ಹೊಗೆಯಲ್ಲಿ ತೂಗುಹಾಕಿದ ಹಂದಿಯ ಕೊಬ್ಬು. ಈರುಳ್ಳಿ ಜೊತೆ ಒಂದು ಚೂರು ಬಾಯಿಗೆ ಬಿದ್ದರೆ ಪೊಂಪಿಲಿಯುವಿಗೆ ಪಿಂಚಣಿ, ಮಂಡಿನೋವು ಎಲ್ಲವೂ ಮರೆತುಹೋಗುತ್ತಿತ್ತು.

ಅದನ್ನು ಬಚ್ಚಿಟ್ಟು ತಿನ್ನುವ ಕರ್ಮ ಯಾಕೆ ಅಂತೀರಾ? ಅದು ಈಸ್ಟರ್ ಹಬ್ಬಕ್ಕೆ ಮುಂಚಿನ ಏಳು ವಾರದ ವ್ರತದ ಕಾಲ. ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವಂತಿಲ್ಲ. ಬೇರೆ ವರ್ಷವಾಗಿದ್ದರೆ ಅವನು ಮೊದಲ ವಾರವೇ ಕೈಯೆತ್ತಿ, ಹೆಂಡತಿಯಿಂದ ಬೈಸಿಕೊಂಡು, ಆರಾಮಾಗಿ ತಿನ್ನುತ್ತಿದ್ದ. ಈ ವರ್ಷ ಹಾಗಿರಲಿಲ್ಲ. ಮಗಳು ಆದಿನಾಗೆ ಗಂಡುಮಗು ಹುಟ್ಟಿತ್ತು. ಅದಕ್ಕೆ ಯಾರ ಹೆಸರಿಡಬೇಕೆಂದು ಪೊಂಪಿಲಿಯುವಿಗೂ ಅವನ ಬೀಗ ಒಕ್ಟಾವಿಯನ್‌ಗೂ ಕುಸ್ತಿಯೇ ನಡೆದಿತ್ತು. ಒಕ್ಟಾವಿಯನ್ ಹೆಂಡತಿ ತೀರಿಕೊಂಡ ಮೇಲೆ ಪಕ್ಕದ ಬೀದಿಯಲ್ಲಿ ಒಂಟಿಯಾಗಿದ್ದವನು. ದಿನಕ್ಕೆರಡು ಸಲ ಇವರ ಮನೆಗೆ ಬಂದು ಜಗಳ ಆಡಿ ಹೋಗುವಷ್ಟು ಬಿಡುವು ಅವನಿಗಿತ್ತು. ಕೊನೆಗೆ ಆದಿನಾ ಊಟದ ಮೇಜು ಗುದ್ದಿದಳು.

"ಏಳು ವಾರ ವ್ರತ ಯಾರು ಕೆಡಿಸ್ದೆ ಉಳಿಸ್ಕೊಳ್ತೀರೋ ಅವರ ಹೆಸರೇ ಮಗೂಗೆ! ಇನ್ನು ಯಾರೂ ನನ್ನ ತಲೆ ತಿನ್ಬೇಡಿ!"

ಪೊಂಪಿಲಿಯು ಎದೆ ತಟ್ಟಿಕೊಂಡು ಒಪ್ಪಿದ. ಅವರ ವಂಶದಲ್ಲಿ ಆಗಲೇ ನಾಲ್ಕು ಜನ ಪೊಂಪಿಲಿಯುಗಳಾಗಿದ್ದರು. ಐದನೆಯವನಾಗಬೇಕಿದ್ದ ಮಗುವನ್ನು ಎತ್ತಿಕೊಂಡಾಗಲೆಲ್ಲ, ಯಾರಿಗೂ ಕೇಳದ ಹಾಗೆ, ಅದರ ಕಿವಿಯಲ್ಲಿ "ಪೊಂಪೀ" ಅಂತ ಉಸುರಿ ಅಭ್ಯಾಸ ಮಾಡಿಸುತ್ತಿದ್ದ. ಅಷ್ಟು ಆಸೆ ಆ ಮುದುಕನಿಗೆ! ಆದರೆ ಒಂಬತ್ತನೆಯ ದಿನ ಹುರುಳಿಕಾಯಿ ಸೂಪಿನ ಬಟ್ಟಲು ನೋಡಿ ಅವನಿಗೆ ಕಣ್ಣೀರೇ ಬಂತು. ಸಂತೆಗೆ ಹೋದ, ಸ್ಲನಿನ ತಂದ. ಸ್ಕ್ರೂ ಬಿಚ್ಚಿದ.

ಹೀಗಿರುವಾಗ ಒಂದು ಬೆಳಿಗ್ಗೆ ಕೊರ್ನೇಲಿಯಾ ಒಂದು ಚೀಟಿ ಹಿಡಿದು ಬಂದಳು. "ಹಳೇ ಮೆಷಿನ್ ಕೊಟ್ಟು ಹೊಸದು ತಗೊಂಡ್ರೆ ಸರ್ಕಾರದವರು ರಿಯಾಯಿತಿ ಕೊಡ್ತಾರಂತೆ. ಬೀಗರೇ ಹೇಳಿದ್ರು."

ಪೊಂಪಿಲಿಯುವಿನ ಎರಡು ಕಿವಿಯೂ ನೆಟ್ಟಗಾದವು. ಸರ್ಕಾರ! ಬೀಗರು! ಎರಡೂ ಒಂದೇ ಉಸಿರಿನಲ್ಲಿ! "ಸರ್ಕಾರ ಯಾಕೆ ನಮಗೆ ಬಿಟ್ಟಿ ಕೊಡುತ್ತೆ? ಬೀಗ ಯಾಕೆ ನಮ್ಮ ಬಟ್ಟೆ ಬಗ್ಗೆ ಚಿಂತೆ ಮಾಡ್ತಾನೆ? ಇದರಲ್ಲಿ ಏನೋ ಇದೆ ಕಣೇ!"

"ಇದರಲ್ಲಿ ಇಪ್ಪತ್ತಮೂರು ಗುಂಡಿ ಇದೆ. ನಾಳೆ ಬರುತ್ತೆ."

ನಾಳೆ ಬಂದೇಬಿಟ್ಟಿತು. ಹೊಸ ಮೆಷಿನ್ ತಂದ ಇಬ್ಬರು ದಾಂಡಿಗರು ಹಳೆಯದನ್ನು ಹೊತ್ತು ಮೆಟ್ಟಿಲಿಳಿಯತೊಡಗಿದರು. ಬೆನ್ನಿನ ತಗಡಿನೊಳಗೆ ಮುಕ್ಕಾಲು ಭಾಗ ಸ್ಲನಿನ ಹಾಗೇ ಇತ್ತು! ಪೊಂಪಿಲಿಯು ಸ್ಕ್ರೂ ಡ್ರೈವರ್ ಹಿಡಿದು ಹಿಂದೆಯೇ ಓಡಿದ. "ನಿಲ್ರಪ್ಪಾ! ಒಂದೇ ನಿಮಿಷ! ಕೊನೇ ಸಲ ಒಳಗೆ ನೋಡ್ಕೊಂಡು ಬಿಡ್ತೀನಿ!" ತಲೆಯೆತ್ತಿದರೆ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೊರ್ನೇಲಿಯಾ ಕೈಕಟ್ಟಿ ನಿಂತಿದ್ದಾಳೆ. ಬೇರೆ ದಾರಿ ಕಾಣದೆ ಮೆಷಿನ್ನಿನ ಬೆನ್ನು ಸವರಿ, ತಗಡಿಗೆ ಮೂಗು ತಾಗಿಸಿ ದೀರ್ಘವಾಗಿ ಉಸಿರೆಳೆದುಕೊಂಡು ಬೀಳ್ಕೊಟ್ಟ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ಹೊಸ ಮೆಷಿನ್ನಿನ ಪ್ಲಗ್ ಹಾಕಿದ್ದೇ ತಡ, ಅದು ಹೆಣ್ಣುದನಿಯಲ್ಲಿ ಕೇಳಿತು: "ನಮಸ್ಕಾರ! ಇವತ್ತು ಏನಿದೆ?"

"ನೋಡಿದ್ಯಾ!" ಪೊಂಪಿಲಿಯು ಎರಡು ಹೆಜ್ಜೆ ಹಿಂದೆ ಹಾರಿದ. "ಬಾಯಿ ಬಿಟ್ಟ ತಕ್ಷಣ ವಿಚಾರಣೆ!"

"ಬಟ್ಟೆ ಏನಿದೆ ಅಂತ ಕೇಳ್ತಿದೆ ಕಣ್ರೀ. ಹೊರಡೋವಾಗ ಈ ನೀಲಿ ಗುಂಡಿ ಒತ್ತಿ ಹೋದ್ರೆ ಸಾಕು, ಚರ್ಚಿನಿಂದಲೇ ಫೋನಲ್ಲಿ ಶುರು ಮಾಡಬಹುದು. ಒಳಗೆ ಎಷ್ಟು ತೂಕ ಇದೆ ಅಂತಾನೂ ಫೋನಿಗೆ ಹೇಳುತ್ತೆ."

ಫೋನಿಗೆ ಹೇಳುತ್ತಂತೆ! ಅವನ ಯೌವನದ ಸರ್ವಾಧಿಕಾರದ ಕಾಲದಲ್ಲಿ ಯಾರು ಎಲ್ಲಿ ಕೇಳಿಸಿಕೊಂಡು ಯಾರಿಗೆ ವರದಿ ಒಪ್ಪಿಸುತ್ತಾರೋ ಗೊತ್ತಾಗುತ್ತಿರಲಿಲ್ಲ. ಗುಟ್ಟು ಮಾತಾಡಬೇಕಾದರೆ ಜನ ನಲ್ಲಿ ಬಿಟ್ಟು, ರೇಡಿಯೋ ಜೋರು ಮಾಡಿ, ಆಮೇಲೆ ಬಾಯಿ ತೆರೆಯುತ್ತಿದ್ದರು. ಆ ವಿದ್ಯೆ ಈಗ ಮತ್ತೆ ಉಪಯೋಗಕ್ಕೆ ಬಂತು. ಪೊಂಪಿಲಿಯು ಮೆಷಿನ್ನಿನ ಮುಖಕ್ಕೆ ಟವೆಲ್ ಹೊದಿಸಿದ. ನಲ್ಲಿ ಬಿಡದೆ ಬಚ್ಚಲಮನೆಯಲ್ಲಿ ಕೆಮ್ಮುವುದನ್ನೂ ಬಿಟ್ಟ. ಅದರ ಬೆನ್ನು ತಡಕಿ ನೋಡಿದ. ಯಾವ ಸ್ಕ್ರೂ ಡ್ರೈವರಿಗೂ ಬಗ್ಗದ ವಿಚಿತ್ರ ಸ್ಕ್ರೂಗಳು. "ಅಚ್ಚುಕಟ್ಟಾದ ಪಿತೂರಿ!" ಎಂದು ನಲ್ಲಿ ಬಿಟ್ಟು ಗೊಣಗಿದ.

ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು. ಬುಧವಾರ ಮಧ್ಯಾಹ್ನ ಕೊರ್ನೇಲಿಯಾ ಚರ್ಚಿನ ಹನ್ನೆರಡು ಬಿಳಿ ಟವೆಲ್‌ಗಳನ್ನು ಮೆಷಿನ್ನಿಗೆ ತುಂಬಿ, ನೀಲಿ ಗುಂಡಿ ಒತ್ತಿ, ಪ್ರಾರ್ಥನೆಗೆ ಹೊರಟಳು. ಹಬ್ಬಕ್ಕೆ ಒಗೆದುಕೊಡುತ್ತೇನೆಂದು ಪಾದ್ರಿಯ ಹೆಂಡತಿಗೆ ಮಾತು ಕೊಟ್ಟಿದ್ದಳು. ಅವಳು ಮರೆಯಾದದ್ದೇ ತಡ, ಪೊಂಪಿಲಿಯು ಕೋಟಿನ ಜೇಬಿನಿಂದ ಎರಡನೆಯ ಸ್ಲನಿನ ತೆಗೆದ. ಬಚ್ಚಲಮನೆಗೆ ಹೋಗಿ ಚಿಲಕ ಹಾಕಿ, ನಲ್ಲಿ ಬಿಟ್ಟು ಒಂದು ಚೂರು ಕತ್ತರಿಸಿ ಬಾಯಿಗಿಟ್ಟಿದ್ದ ಅಷ್ಟೇ. ಕರೆಗಂಟೆ ಬಡಿಯಿತು.

"ಬೀಗರೇ! ಬಾಗಿಲು ತೆಗೀರಿ! ತಪಾಸಣೆ!" ಒಕ್ಟಾವಿಯನ್‌ನ ಗಂಟಲು.

ಎಲ್ಲಿ ಬಚ್ಚಿಡುವುದು? ಬೆನ್ನಿನ ತಗಡು ಬಿಚ್ಚುವಂತಿಲ್ಲ. ಬಿಚ್ಚಿದ್ದನ್ನು ಮತ್ತೆ ಜೇಬಿಗೆ ಹಾಕಿದರೆ ವಾಸನೆ. ಮೆಷಿನ್ನಿನ ಬಾಗಿಲು ತೆರೆದ, ಟವೆಲ್‌ಗಳ ನಡುವೆ ತುರುಕಿದ, ಮುಚ್ಚಿದ. ಅಷ್ಟಕ್ಕೇ ಅದು ಪಿಳಿಪಿಳಿ ನೀಲಿ ದೀಪ ಮಿನುಗಿಸುತ್ತಾ ಕಿರುಚತೊಡಗಿತು. "ಮುಚ್ಚೇ ಬಾಯಿ!" ಎಂದು ಮಿನುಗುವ ಆ ನೀಲಿ ಗುಂಡಿಯನ್ನೇ ಕುಕ್ಕಿದ. ಅದು ಸುಮ್ಮನಾಯಿತು. ಪೊಂಪಿಲಿಯು ಬಾಯಿ ಮುಕ್ಕಳಿಸಿ, ಸಂತನ ಮುಖ ಮಾಡಿಕೊಂಡು ಬಾಗಿಲು ತೆಗೆದ.

ಒಕ್ಟಾವಿಯನ್ ಒಳಗೆ ಬಂದು ಫ್ರಿಜ್ಜು ತೆಗೆದು ನೋಡಿದ, ಒಲೆ ಮೂಸಿದ, ಕೊನೆಗೆ ಬಚ್ಚಲಮನೆಗೂ ಇಣುಕಿದ.

"ನಲ್ಲಿ ಯಾಕೆ ಸುರೀತಾ ಇದೆ ಬೀಗರೇ?"

"ಕೈ ತೊಳೀತಿದ್ದೆ."

"ಇಷ್ಟು ಹೊತ್ತು? ಅಷ್ಟು ಕೊಳೆಯಾಗೋ ಅಂಥದ್ದೇನು ಮುಟ್ಟಿದ್ರಿ?"

ಪೊಂಪಿಲಿಯು ನಲ್ಲಿ ನಿಲ್ಲಿಸುತ್ತಿರುವಾಗಲೇ ಅಲ್ಲಿ ಚರ್ಚಿನ ಬೆಂಚಿನಲ್ಲಿ ಕೊರ್ನೇಲಿಯಾ ಪ್ರಾರ್ಥನೆ ಮುಗಿಸಿ ಫೋನ್ ಒತ್ತಿದಳು. ಇಲ್ಲಿ ಮೆಷಿನ್ನು ಉಲಿಯಿತು: "ಬಿಳಿ ಬಟ್ಟೆ, ತೊಂಬತ್ತು ಡಿಗ್ರಿ. ಶುರು ಮಾಡ್ತಿದೀನಿ!"

"ಬೇಡ!" ಪೊಂಪಿಲಿಯು ಅದರ ಮೇಲೆ ಬಿದ್ದ. ಬಾಗಿಲು ಎಳೆದ, ಬೀಗ ಬಿದ್ದಿತ್ತು. ಒಂದು ಗುಂಡಿ ಒತ್ತಿದ: "ಇನ್ನೊಂದು ಸಲ ಜಾಲಾಡ್ತೀನಿ." ಮತ್ತೊಂದು ಒತ್ತಿದ: "ಹಬೆ ಸೇರಿಸ್ತೀನಿ." ಮೂರನೆಯದು ಒತ್ತಿದಾಗ ಇಡೀ ಫಲಕ ಕತ್ತಲಾಗಿ, "ಮಕ್ಕಳು ಮುಟ್ಟದಂತೆ ಬೀಗ ಹಾಕಿದೆ" ಎಂದಿತು. ಪ್ಲಗ್ ಕಿತ್ತ. ಅದು ನಿಂತಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಮತ್ತೆ ಪ್ಲಗ್ ಹಾಕಿದ, ಬಿಟ್ಟಲ್ಲಿಂದಲೇ ಮುಂದುವರಿಯಿತು! ಅಯ್ಯೋ, ಎಡಕ್ಕೆ ತಿರುಗಿಸಿದರೆ ನಿಲ್ಲುತ್ತಿದ್ದ ಆ ಒಂದೇ ಒಂದು ಗುಂಡಿ ಈಗ ಯಾವ ಗುಜರಿಯಲ್ಲಿದೆಯೋ!

"ಯಾಕೆ ಬೀಗರೇ ಇಷ್ಟು ಗಾಬರಿ? ಟವೆಲ್ ತಾನೇ?" ಒಕ್ಟಾವಿಯನ್ ಸ್ಟೂಲ್ ಎಳೆದುಕೊಂಡು ಮೆಷಿನ್ನಿನ ಎದುರೇ ಕುಳಿತ. ಗಾಜಿನಾಚೆ ಬಿಳಿ ನೊರೆ ಮೆಲ್ಲಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಸೋಪಿನ ವಾಸನೆಯನ್ನು ಬದಿಗೆ ತಳ್ಳಿ ಇನ್ನೊಂದು ಪರಿಮಳ ಮನೆ ತುಂಬತೊಡಗಿತು. ಆರೂವರೆ ವಾರ ಬೇಯಿಸಿದ ಆಲೂಗಡ್ಡೆ ತಿಂದ ಯಾವ ಮನುಷ್ಯನಿಗೂ ಆ ಪರಿಮಳದ ಎದುರು ಕಾಲು ನಿಲ್ಲುವುದಿಲ್ಲ.

ಕೊರ್ನೇಲಿಯಾ ಮನೆ ಸೇರುವುದಕ್ಕೂ ಮೆಷಿನ್ನು ಹಾಡು ಹಾಡಿ ಬಾಗಿಲು ಬಿಡುವುದಕ್ಕೂ ಸರಿಹೋಯಿತು. ಅವಳು ಒಂದೊಂದೇ ಟವೆಲ್ ಎಳೆದಳು. ಹನ್ನೆರಡೂ ಕಿತ್ತಳೆ! ಹದಿಮೂರನೆಯದಾಗಿ, ತೊಂಬತ್ತು ಡಿಗ್ರಿಯಲ್ಲಿ ಬೆಂದು, ಎರಡು ಸಲ ಜಾಲಾಡಿಸಿಕೊಂಡು ಬೆಳ್ಳಗಾದ ಸ್ಲನಿನ ಹೊರಬಂತು.

ಒಕ್ಟಾವಿಯನ್ ಎದ್ದು ಕುಣಿಯತೊಡಗಿದ. "ಸಿಕ್ಕಿಬಿದ್ರಿ ಬೀಗರೇ! ಮಗು ಒಕ್ಟಾವಿಯನ್! ಚಿಕ್ಕ ಒಕ್ಟಾವಿಯನ್!" ಟವೆಲ್ ಒಂದನ್ನು ಮೂಗಿಗೆ ಒತ್ತಿಕೊಂಡ. "ಆಹಾ, ಸಂತೆಯ ಎರಡನೇ ಸಾಲಿನ ಕಟುಕನ ಮಾಲು! ಸ್ವಲ್ಪ ಬೆಳ್ಳುಳ್ಳಿ ಜಾಸ್ತಿ. ಮೊನ್ನೆ ಭಾನುವಾರ ನನಗೆ ಕೊಟ್ಟಿದ್ದು ಇದಕ್ಕಿಂತ..."

ಕುಣಿತ ನಿಂತಿತು.

"ಭಾನುವಾರ ಏನು ಕೊಟ್ಟಿದ್ದ ಬೀಗರೇ?" ಕೊರ್ನೇಲಿಯಾ ತಣ್ಣಗೆ ಕೇಳಿದಳು.

ಒಕ್ಟಾವಿಯನ್ ಟವೆಲ್ಲಿನಲ್ಲೇ ಮುಖ ಮುಚ್ಚಿಕೊಂಡ.

ಪೊಂಪಿಲಿಯು ಧೈರ್ಯ ತಂದುಕೊಂಡು ಮೆಷಿನ್ನಿನ ಕಡೆ ಬೆರಳು ತೋರಿಸಿದ. "ನಾನು ಮೊದಲೇ ಹೇಳಿರ್ಲಿಲ್ವಾ, ಇದು ಬೇಹುಗಾರಿಕೆ ಮಾಡುತ್ತೆ ಅಂತ! ತೂಕ ಹಿಡಿದು ನಿನಗೆ ಚಾಡಿ ಹೇಳಿರಬೇಕು!"

"ಅದ್ಯಾಕೆ ಹೇಳ್ಬೇಕು? ಹಳೇ ಮೆಷಿನ್ನಿನ ಮೈಯೆಲ್ಲಾ ತುಕ್ಕು, ಬೆನ್ನಿನ ನಾಲ್ಕು ಸ್ಕ್ರೂ ಮಾತ್ರ ಫಳಫಳ. ನಲವತ್ತು ವರ್ಷ ಫಿಟ್ಟರನ ಹೆಂಡತಿಯಾಗಿದೀನಿ, ಅಷ್ಟೂ ಗೊತ್ತಾಗಲ್ವಾ? ಅದನ್ನ ಮನೆಯಿಂದ ಕಳಿಸಿದ್ರೆ ನಿಮ್ಮ ವ್ರತ ಉಳಿಯುತ್ತೆ, ಮಗೂಗೆ ನಿಮ್ಮ ಹೆಸರೇ ಬರುತ್ತೆ ಅಂತ ಆಸೆಪಟ್ಟಿದ್ದೆ ಕಣ್ರೀ."

ಪೊಂಪಿಲಿಯುವಿಗೆ ಏನೋ ಹೇಳಬೇಕೆನಿಸಿತು. ಕೈ ತಾನಾಗಿ ನಲ್ಲಿಯ ಕಡೆ ಹೋಯಿತು.

ಕೊರ್ನೇಲಿಯಾ ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆದಿನಾ ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಕೇಳಿದಳು: "ಅಮ್ಮಾ, ನೀನು ವ್ರತ ಕೆಡಿಸಿದ್ಯಾ?"

"ನಾನ್ಯಾಕೆ ಕೆಡಿಸ್ಲಿ?"

"ಯಾರು ಉಳಿಸ್ಕೊಳ್ತೀರೋ ಅವರ ಹೆಸರು ಅಂದಿದ್ದೆ. ತಾತಂದಿರು ಮಾತ್ರ ಅಂತ ನಾನೆಲ್ಲಿ ಹೇಳಿದ್ದೆ?"

ಹಬ್ಬ ಕಳೆದು ಎರಡನೇ ಭಾನುವಾರ ಮಗುವಿಗೆ ದೀಕ್ಷಾಸ್ನಾನವಾಯಿತು. ಹೆಸರು ಕೊರ್ನೇಲಿಯು, ಅಜ್ಜಿಯ ಹೆಸರಿನದೇ ಗಂಡುರೂಪ! ಪಾದ್ರಿ ಮಗುವನ್ನು ನೀರಿನಿಂದೆತ್ತಿ, ಆ ಹನ್ನೆರಡರಲ್ಲೇ ಒಂದು ಟವೆಲ್ಲಿನಲ್ಲಿ ಸುತ್ತಿದ. ಏಳು ಸಲ ಒಗೆದು ಕೊರ್ನೇಲಿಯಾ ಅದನ್ನು ಬೆಳ್ಳಗೆ ಮಾಡಿದ್ದಳು. ಅಷ್ಟು ಹೊತ್ತು ಚೀರುತ್ತಿದ್ದ ಮಗು ತಟ್ಟನೆ ಸುಮ್ಮನಾಗಿ, ಟವೆಲ್ಲಿನ ಅಂಚನ್ನು ಬಾಯಿಗಿಟ್ಟುಕೊಂಡು ಚೀಪತೊಡಗಿತು. ಪಾದ್ರಿ ಬಗ್ಗಿ ಮೂಸಿ ಹುಬ್ಬೇರಿಸಿದ. ಇಬ್ಬರು ತಾತಂದಿರೂ ಒಟ್ಟಿಗೇ ತಲೆ ತಗ್ಗಿಸಿದರು.

ಕೊರ್ನೇಲಿಯಾ ಗಂಡನ ಪಕ್ಕಕ್ಕೆ ಸರಿದು ಮೆಲ್ಲಗೆ ಅಂದಳು: "ಕೊರಗಬೇಡಿ. ಹೆಸರು ನಂದಾದ್ರೇನಂತೆ, ಬುದ್ಧಿ ನಿಮ್ಮದೇ ಬಂದಿದೆ."